ಭರವಸೆಯ ಹುಡುಗ ಯಾರ ಸಾಲಗಾರ?

ನಿಮ್ಮ ಓಣಿಯಲ್ಲೂ ಅಂಥ ಒಬ್ಬ ಹುಡುಗ ಇದ್ದಿರಬೇಕು. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಅವನ ಕಾಲಿಗೆ ಚೆಂಡು ಸಿಕ್ಕಿತೆಂದರೆ ಆಡುವವರೂ ನಿಂತು ನೋಡುವವರಾಗುತ್ತಿದ್ದರು. ನಮಾಝಿಗೆ ಹೊರಟ ಹಿರಿಯರು ಸಹ ಒಂದು ಗಳಿಗೆ ಗೋಡೆಗೆ ಆತು ನಿಂತು ಹೋಗುತ್ತಿದ್ದರು. ಈಗ ಆತನಿಗೆ ಮೂವತ್ತರ ಸಮೀಪ. ಎಲ್ಲೋ ಗ್ಯಾರೇಜಿನಲ್ಲಿದ್ದಾನೆ, ಇಲ್ಲವೇ ದುಬೈಯಲ್ಲಿ ಯಾರದೋ ಅಂಗಡಿಯ ಗೋದಾಮಿನಲ್ಲಿದ್ದಾನೆ. ಅವನ ಮಾತು ಬಂದಾಗಲೆಲ್ಲ ನಾವು ತಲೆಯಾಡಿಸಿ, "ಅಲ್ಲಾಹನು ಕೊಟ್ಟದ್ದನ್ನು ಹಾಳು ಮಾಡಿಕೊಂಡ" ಎಂದುಬಿಡುತ್ತೇವೆ. ಎಷ್ಟು ಸುಲಭವಾಗಿ ಹೊರಡುವ ತೀರ್ಪು ಇದು! ಇದನ್ನು ಕೊಡುವ ಅಧಿಕಾರ ನಮಗಿದೆಯೇ ಎಂಬುದನ್ನು ನಾವು ಎಂದಾದರೂ ಯೋಚಿಸಿದ್ದೇವೆಯೇ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ, ಚೊಳಚಗುಡ್ಡದಿಂದ ಬಂದುದು. ಬಾದಾಮಿಯ ಪಕ್ಕದ ಈ ಊರಿನ ಹೆಸರು ಕೇಳಿದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಬನಶಂಕರಿ ಜಾತ್ರೆ ಮತ್ತು ಅಲ್ಲಿ ವಾರಗಟ್ಟಲೆ ಠಾಣ್ಯ ಹೂಡುವ ನಾಟಕ ಕಂಪನಿಗಳು. ಜಾತ್ರೆ ಮುಗಿದು ಡೇರೆಗಳು ಎದ್ದ ಮೇಲೆ ಬಯಲು ಮಕ್ಕಳ ಪಾಲಾಗುತ್ತದೆ. ಕುಸ್ತಿ, ಕಬಡ್ಡಿ, ಕ್ರಿಕೆಟ್ಟುಗಳ ಸೀಮೆಯಲ್ಲಿ ಫುಟ್ಬಾಲ್ ಅಪರೂಪ. ಹಾಗಿದ್ದೂ ನನ್ನ ಪರಿಚಯದವರ ಮನೆಯ ಹುಡುಗನೊಬ್ಬ ಆ ಬಯಲಿನಲ್ಲಿ ಬರಿಗಾಲಿನಲ್ಲಿ ಆಡುತ್ತಿದ್ದ ಆಟವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವನ ಹೆಸರು ಇಲ್ಲಿ ಬೇಡ. ಅವನಿಗೆ ಆಗ ಹದಿಮೂರು. ನಾನು ಅವನ ತಲೆ ಸವರಿ, ಅವನ ತಂದೆಯ ಎದುರಿಗೇ, "ಈ ಹುಡುಗ ದೇಶಕ್ಕೆ ಆಡುತ್ತಾನೆ, ಬರೆದಿಟ್ಟುಕೊಳ್ಳಿ" ಎಂದೆ. ತಂದೆ ನಿಜವಾಗಿಯೂ ಮನಸ್ಸಿನಲ್ಲಿ ಬರೆದಿಟ್ಟುಕೊಂಡರು.

ಹುಡುಗ ಜಿಲ್ಲಾ ತಂಡಕ್ಕೆ ಹೋದ. ಬೆಂಗಳೂರಿನಲ್ಲಿ ನಡೆದ ಒಂದು ಆಯ್ಕೆ ಶಿಬಿರಕ್ಕೂ ಹೋದ. ಅಲ್ಲಿ ಮೊಣಕಾಲು ತಿರುಚಿತು. ಮೊಣಕಾಲಿನ ಒಳಗಿನ ಲಿಗಮೆಂಟ್ ಹರಿದರೆ ಬಹಳ ಸಲ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ಆಮೇಲೂ ತಿಂಗಳುಗಟ್ಟಲೆ ಬಲ್ಲವರ ಕಣ್ಣೆದುರಿಗೆ ವ್ಯಾಯಾಮ ಮಾಡಿಸಬೇಕು. ಇವನಿಗೆ ಸಿಕ್ಕಿದ್ದು ಎಣ್ಣೆ ಹಚ್ಚಿ ಕಟ್ಟಿದ ಪಟ್ಟಿ. ಊರಿಗೆ ಮರಳಿದ, ಶಾಲೆ ಆಗಲೇ ಹಿಂದೆ ಬಿದ್ದಿತ್ತು. ಈಗ ಸಾಮಾನು ಸಾಗಿಸುವ ಆಟೋ ಓಡಿಸುತ್ತಾನೆ. ಕಳೆದ ಸಲ ಹೋದಾಗ ನನ್ನನ್ನು ಕಂಡು ಮುಖ ತಿರುಗಿಸಿದ. ನಾನೇ ಹೋಗಿ ಕೈ ಹಿಡಿದೆ. ಆಗ ಅವನು ಅಂದ ಮಾತು ಇದು: "ಚಾಚಾ, ನಿಮ್ಮ ಮುಂದ ಬರಾಕ ನಾಚಿಕಿ ಆಗ್ತದ್ರೀ. ನಿಮ್ಮ ಮಾತು ಉಳಸಾಕ ಆಗಲಿಲ್ಲ."

ನಿಮ್ಮ ಮಾತು! ಅಂದು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹೌದು, ಅದು ನನ್ನ ಮಾತೇ ಆಗಿತ್ತು. ದೇಶಕ್ಕೆ ಆಡುತ್ತೇನೆಂದು ಅವನು ಯಾರಿಗೂ ಹೇಳಿರಲಿಲ್ಲ. ಅವನು ಕೇವಲ ಆಡುತ್ತಿದ್ದ. ನಾನು ಅವನ ಹೆಸರಿನಲ್ಲಿ ಒಂದು ಪತ್ರ ಬರೆದುಕೊಟ್ಟೆ, ಬಡ್ಡಿ ಅವನು ಕಟ್ಟುತ್ತಿದ್ದ.

ಓದುಗರೇ, "ಭರವಸೆಯ ಆಟಗಾರ" ಎಂಬ ಮಾತನ್ನು ಪತ್ರಿಕೆಗಳಲ್ಲಿ ದಿನವೂ ಓದುತ್ತೀರಿ. ಭರವಸೆ ಕೊಟ್ಟವರು ಯಾರು? ಅದನ್ನು ಪಡೆದವರು ಯಾರು? ವ್ಯವಹಾರದಲ್ಲಿ ಒಬ್ಬನ ಒಪ್ಪಿಗೆಯಿಲ್ಲದೆ ಅವನನ್ನು ಜಾಮೀನು ಮಾಡುವಂತಿಲ್ಲ. ಅದರಲ್ಲೂ ಪ್ರಾಯಕ್ಕೆ ಬಾರದವನನ್ನು ಮಾಡುವುದಂತೂ ಸಲ್ಲದು. ಮಕ್ಕಳ ಕಾಲಿನ ವಿಷಯದಲ್ಲಿ ಮಾತ್ರ ನಾವು ಈ ನಿಯಮ ಮರೆಯುತ್ತೇವೆ.

ದೊಡ್ಡ ಲೋಕದಲ್ಲೂ ಇದೇ ಕಥೆ, ಮೊತ್ತ ಮಾತ್ರ ದೊಡ್ಡದು. ಘಾನಾದಲ್ಲಿ 1989ರಲ್ಲಿ ಹುಟ್ಟಿ ಅಮೇರಿಕಕ್ಕೆ ವಲಸೆ ಹೋದ ಫ್ರೆಡ್ಡಿ ಅಡು ಎಂಬ ಬಾಲಕ 2004ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಅಲ್ಲಿನ ವೃತ್ತಿಪರ ಲೀಗಿನಲ್ಲಿ ಆಡಲಿಳಿದ. ಬೂಟಿನ ಕಂಪನಿ ಹತ್ತು ಲಕ್ಷ ಡಾಲರಿನ ಕರಾರು ಮಾಡಿಕೊಂಡಿತ್ತು. ಜಾಹೀರಾತಿನಲ್ಲಿ ಅವನ ಪಕ್ಕದಲ್ಲಿ ಸ್ವತಃ ಪೆಲೆ ನಿಂತರು. ಮುಂದೆ? ಪೋರ್ಚುಗಲ್, ಫ್ರಾನ್ಸ್, ಗ್ರೀಸ್, ತುರ್ಕಿ, ಬ್ರೆಜಿಲ್, ಸರ್ಬಿಯಾ, ಫಿನ್ಲೆಂಡ್, ಸ್ವೀಡನ್ ಎಂದು ಊರಿಂದೂರಿಗೆ ಅಲೆದ. ಎಲ್ಲಿಯೂ ಬೇರು ಬಿಡಲಿಲ್ಲ. ಅವನದೂ ತಪ್ಪಿಲ್ಲವೆಂದಲ್ಲ. ತನಗಿಂತ ಕಡಿಮೆ ಪ್ರತಿಭೆಯವರು ತನಗಿಂತ ಹೆಚ್ಚು ಬೆವರು ಸುರಿಸಿದರೆಂದು ಅವನೇ ಮುಂದೆ ಒಪ್ಪಿಕೊಂಡಿದ್ದಾನೆ. ಆದರೆ ಹದಿನಾಲ್ಕರ ಹುಡುಗನಿಗೆ ನೀನು ಈಗಾಗಲೇ ರಾಜ ಎಂದು ಸಾವಿರ ಬಾಯಿ ಹೇಳಿದ ಮೇಲೆ, ಇನ್ನೂ ಕಲಿಯಬೇಕಾದ ಆಳು ನಾನು ಎಂಬ ಎಚ್ಚರ ಅವನಿಗೆ ಎಲ್ಲಿಂದ ಬರಬೇಕು?

ಅದೇ ಘಾನಾದ ನೀ ಲ್ಯಾಂಪ್ಟೆಯ ಕಥೆ ಇದಕ್ಕೂ ಹಿಂದಿನದು, ಇದಕ್ಕಿಂತ ಕಹಿಯಾದುದು. 1991ರಲ್ಲಿ ಇಟೆಲಿಯಲ್ಲಿ ನಡೆದ ಹದಿನೇಳರೊಳಗಿನವರ ವಿಶ್ವಕಪ್ಪನ್ನು ಘಾನಾ ಗೆದ್ದಾಗ ಕೂಟದ ಶ್ರೇಷ್ಠ ಆಟಗಾರನೆಂದು ಆಯ್ಕೆಯಾದವನು ಆತ. ತನ್ನ ಉತ್ತರಾಧಿಕಾರಿ ಎಂದು ಪೆಲೆ ಅವನನ್ನು ಹೊಗಳಿದರು. ಅಕ್ಷರ ಬಾರದ ಆ ಹುಡುಗ ದಲ್ಲಾಳಿ ಮುಂದಿಟ್ಟ ಕಾಗದಕ್ಕೆ ಸಹಿ ಹಾಕಿದ್ದ. ಅವನನ್ನು ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ ಸಾಗಿಸಿದಾಗಲೆಲ್ಲ ದಲ್ಲಾಳಿಗೆ ಪಾಲು. ಹೀಗಿರುವಾಗ ಒಂದೆಡೆ ನೆಲೆ ನಿಲ್ಲುವುದಾದರೂ ಹೇಗೆ? "ಲ್ಯಾಂಪ್ಟೆ ತನ್ನ ಪ್ರತಿಭೆ ಹಾಳುಮಾಡಿಕೊಂಡ" ಎಂದು ಬರೆದವರು ಆ ಕಾಗದದ ಇನ್ನೊಂದು ಬದಿಯ ಸಹಿಯನ್ನು ಕಡೆಗೆ ನೋಡಿದರು.

ಇನ್ನೊಂದು ವಿಷಯ, ತಂದೆತಾಯಂದಿರು ಗಮನಿಸಬೇಕಾದುದು. ಹದಿಮೂರರಲ್ಲಿ ಎದ್ದು ಕಾಣುವ ಹುಡುಗ ಬಹಳ ಸಲ ಹೆಚ್ಚು ಪ್ರತಿಭೆಯವನಲ್ಲ, ಬೇಗ ಬೆಳೆದವನು. ವಯೋಮಿತಿಯ ಲೆಕ್ಕ ಜನವರಿ ಒಂದರಿಂದ ಹಿಡಿಯುವ ದೇಶಗಳಲ್ಲಿ ಬಾಲಕರ ತಂಡಗಳನ್ನು ಎಣಿಸಿ ನೋಡಿದಾಗ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿ ಕಂಡಿದ್ದಾರೆ. ಡಿಸೆಂಬರಿನವನಿಗಿಂತ ಅವನಿಗೆ ಹನ್ನೊಂದು ತಿಂಗಳ ಎಲುಬು ಹೆಚ್ಚು, ಅಷ್ಟೇ. ಹದಿನೆಂಟಕ್ಕೆ ಉಳಿದವರು ಅವನ ಭುಜಕ್ಕೆ ಭುಜ ಕೊಟ್ಟು ನಿಂತಾಗ ಮೊದಲಿನ ಮಾಯೆ ಹರಿಯುತ್ತದೆ. ನಾವು "ಕುಸಿದ" ಎನ್ನುತ್ತೇವೆ. ಅವನು ಕುಸಿಯಲಿಲ್ಲ, ಬೇರೆಯವರು ಬೆಳೆದರು. ನಮ್ಮ ಸೀಮೆಯ ನಾಟಕ ಕಂಪನಿಗಳಲ್ಲಿ ಹಿಂದೆ ಹೆಣ್ಣು ಪಾತ್ರ ಮಾಡುತ್ತಿದ್ದ ಬಾಲಕರ ಗತಿಯೂ ಇದೇ: ಕಂಠ ಒಡೆಯುವವರೆಗೆ ಒನ್ಸ್ ಮೋರ್, ಒಡೆದ ಮರುದಿನ ಪರದೆ ಎಳೆಯುವ ಕೆಲಸ.

ಇದಕ್ಕೆ ನಾವು ಸುಳ್ಳನ್ನೂ ಬೆರೆಸುತ್ತೇವೆ. ಹದಿನಾರರವನಿಗೆ ಹದಿಮೂರರ ಜನ್ಮದಾಖಲೆ ಮಾಡಿಸುವುದು ನಮ್ಮ ದೇಶದ ಆಟಗಳಲ್ಲಿ ಎಷ್ಟು ಹಬ್ಬಿದೆಯೆಂದರೆ, ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಎಲುಬಿನಿಂದ ವಯಸ್ಸು ತಿಳಿಯುವ ಪರೀಕ್ಷೆಯನ್ನು ಫುಟ್ಬಾಲ್ ಒಕ್ಕೂಟ ತರಬೇಕಾಯಿತು. ದಾಖಲೆ ಮಾಡಿಸಿದವನು ಹುಡುಗನಲ್ಲ. ತಂದೆ, ಇಲ್ಲವೇ ತರಬೇತುದಾರ. ಅದರಿಂದ ನಿಜವಾದ ಹದಿಮೂರರ ಹುಡುಗನೊಬ್ಬ ಮನೆಗೆ ಹೋಗುತ್ತಾನೆ, ತಾನು ಸಾಲದವನೆಂದು ನಂಬಿಕೊಂಡು. ಅವನ ಹಕ್ಕನ್ನು ಕಸಿದ ಪಾಪ ಯಾರ ಲೆಕ್ಕಕ್ಕೆ ಬರೆಯಲ್ಪಡುತ್ತದೆ? ಜುಮಾಕ್ಕೆ ಮೊದಲ ಸಾಲಿನಲ್ಲಿ ಕೂರುವವರೂ ಇದನ್ನು ಮಾಡಿರುವುದನ್ನು ನಾನು ಬಲ್ಲೆ. "ಆಟದ ವಿಷಯ ತಾನೇ" ಎನ್ನುತ್ತಾರೆ. ಸುಳ್ಳಿಗೆ ಆಟದ ಸುಳ್ಳು, ಅಂಗಡಿಯ ಸುಳ್ಳು ಎಂಬ ವಿಭಾಗವಿದೆಯೇ?

"ಹಾಗಾದರೆ ಹುಡುಗನಿಗೆ ಹೊಣೆಯೇ ಇಲ್ಲವೇ? ಪ್ರತಿಭೆ ಅಮಾನತ್ತಲ್ಲವೇ?" ಎಂದು ನೀವು ಕೇಳಬಹುದು. ಖಂಡಿತ ಅಮಾನತ್ತು. ಯೌವನವನ್ನು ಯಾವುದರಲ್ಲಿ ಸವೆಸಿದೆಯೆಂಬ ಪ್ರಶ್ನೆಗೆ ಪರಲೋಕದಲ್ಲಿ ಉತ್ತರಿಸಬೇಕೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದು ನಮಗೆಲ್ಲ ಗೊತ್ತು. ಮುಂಜಾನೆ ಏಳದೆ, ಗುರುಗಳ ಮಾತು ಕೇಳದೆ, ಕೈಗೆ ಬಂದ ನಾಲ್ಕು ಕಾಸನ್ನು ಕೆಟ್ಟ ಸಹವಾಸದಲ್ಲಿ ಕರಗಿಸಿದವನು ಅದಕ್ಕೆ ಉತ್ತರ ಹೇಳಬೇಕು. ಆದರೆ ಪ್ರಶ್ನೆ ಎಲ್ಲಿದೆ ನೋಡಿ. ಅದು ಸವೆಸಿದ್ದರ ಬಗ್ಗೆ ಇದೆ, ಗೆದ್ದದ್ದರ ಬಗ್ಗೆ ಇಲ್ಲ. ಅಲ್ಲಾಹನು ಯಾರ ಮೇಲೂ ಅವರಿಂದಾಗದ ಹೊರೆ ಹೊರಿಸುವುದಿಲ್ಲವೆಂಬುದನ್ನು ಅಲ್‌ಬಕರಃ ಅಧ್ಯಾಯದ ಕೊನೆಯಲ್ಲಿ ಓದುತ್ತೇವೆ. ಓದಿದ ಮೇಲೆ ಎದ್ದು ಹೋಗಿ ಮಕ್ಕಳ ಮೇಲೆ ನಾವು ಅದನ್ನು ಹೊರಿಸುತ್ತೇವೆ.

ಪ್ರವಾದಿಯವರ(ಸ) ಬಳಿ ಅಝ್ಬಾ ಎಂಬ ಒಂದು ಹೆಣ್ಣೊಂಟೆ ಇತ್ತು. ಓಟದಲ್ಲಿ ಅದನ್ನು ಮೀರಿಸಿದ ಒಂಟೆಯಿರಲಿಲ್ಲ. ಒಂದು ದಿನ ಹಳ್ಳಿಗಾಡಿನ ಅರಬನೊಬ್ಬ ತನ್ನ ಎಳೆಯ ಒಂಟೆಯ ಮೇಲೆ ಬಂದು ಅದನ್ನು ಹಿಂದೆ ಹಾಕಿದ. ಸಹಾಬಿಗಳ ಮನಸ್ಸಿಗೆ ಬಹಳ ನೋವಾಯಿತು. ಲೋಕದಲ್ಲಿ ಏರಿದ ಯಾವುದನ್ನೂ ಅಲ್ಲಾಹನು ಇಳಿಸದೆ ಬಿಡುವುದಿಲ್ಲವೆಂಬ ಅರ್ಥದ ಮಾತನ್ನು ಹೇಳಿ ಪ್ರವಾದಿಯವರು(ಸ) ಅವರನ್ನು ಸಮಾಧಾನಪಡಿಸಿದರು. ಆ ಘಟನೆಯಲ್ಲಿ ನನ್ನ ಮನಸ್ಸನ್ನು ತಟ್ಟಿದ್ದು ಇನ್ನೊಂದು: ಸೋತ ಒಂಟೆಯ ಮೇಲೆ ಅಲ್ಲಿ ಯಾವ ದೂರೂ ಇಲ್ಲ.

ಈಗ ನಮ್ಮ ನಾಡಿನ ಕಡೆ ಬರೋಣ. ಬೊಂಬಾಯಿಯ ರೋವರ್ಸ್ ಕಪ್ 1891ರಲ್ಲಿ ಆರಂಭವಾದಾಗ ಅದು ಬ್ರಿಟಿಷ್ ಸೈನಿಕ ತಂಡಗಳ ಸೊತ್ತಾಗಿತ್ತು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ಮರುವರ್ಷ ಮತ್ತೆ ಗೆದ್ದರು. ಬೆಂಗಳೂರಿನಲ್ಲಿ ಹುಟ್ಟಿದ ಅಹ್ಮದ್ ಖಾನ್ 1948ರ ಲಂಡನ್ ಒಲಿಂಪಿಕ್ಸಿನಲ್ಲೂ 1952ರ ಹೆಲ್ಸಿಂಕಿಯಲ್ಲೂ ಭಾರತಕ್ಕೆ ಆಡಿದರು. 1951ರ ಏಷ್ಯನ್ ಕ್ರೀಡಾಕೂಟದ ಚಿನ್ನದ ತಂಡದಲ್ಲೂ ಇದ್ದರು. ದಂಡು ಪ್ರದೇಶದ ಮೈದಾನಗಳು, ಓಣಿಗೊಂದು ಕ್ಲಬ್ಬು ಆ ಪೀಳಿಗೆಯನ್ನು ಬೆಳೆಸಿದವು. ಮುಂದೆ ಐ.ಟಿ.ಐ., ಹೆಚ್.ಎ.ಎಲ್. ಮೊದಲಾದ ಕಾರ್ಖಾನೆಗಳು ಆಟಗಾರರನ್ನು ನೌಕರಿಗೆ ತೆಗೆದುಕೊಂಡವು. ಅದರ ಮಹತ್ವ ಏನೆಂದು ಬಲ್ಲಿರಾ? ಹತ್ತು ಹುಡುಗರಲ್ಲಿ ದೇಶಕ್ಕೆ ಆಡುವವನು ಒಬ್ಬನೂ ಇರದಿರಬಹುದು. ಆದರೆ ಉಳಿದವರು ಬೆಳಿಗ್ಗೆ ಆಡಿ, ಮಧ್ಯಾಹ್ನ ಕಾರ್ಖಾನೆಯಲ್ಲಿ ದುಡಿದು, ಮದುವೆಯಾಗಿ, ಮಕ್ಕಳನ್ನು ಓದಿಸಿ, ಪಿಂಚಣಿ ಪಡೆದರು. ಭರವಸೆ ಈಡೇರದಿದ್ದರೂ ಬದುಕು ಈಡೇರುತ್ತಿತ್ತು. ಯಾರೂ ಅವರನ್ನು ಹಾಳಾದವರೆಂದು ಕರೆಯಲಿಲ್ಲ.

ಆ ಏಣಿಯ ಕೆಳಗಿನ ಮೆಟ್ಟಿಲುಗಳು ಒಂದೊಂದಾಗಿ ಕಳಚಿದವು. ಹೆಚ್.ಎ.ಎಲ್. ತಂಡ 2012ರಲ್ಲಿ ಐ-ಲೀಗಿನಿಂದ ಕೆಳಗಿಳಿಯಿತು. ಹಣದ ಲೀಗುಗಳು ಬಂದಿವೆ, ಮೇಲಿನ ಮೆಟ್ಟಿಲು ಹೊಳೆಯುತ್ತಿದೆ. ಭಾರತದಲ್ಲೇ ಹದಿನೇಳರೊಳಗಿನವರ ವಿಶ್ವಕಪ್ ನಡೆದ 2017ರಲ್ಲಿ ನಮ್ಮ ಇಪ್ಪತ್ತೊಂದು ಹುಡುಗರ ಹೆಸರು ಮನೆಮನೆಯಲ್ಲಿತ್ತು. ಅವರಲ್ಲಿ ಕೆಲವರು ಹಿರಿಯರ ತಂಡದವರೆಗೆ ಮುಟ್ಟಿದರು. ಉಳಿದವರಲ್ಲಿ ಎಷ್ಟು ಹೆಸರು ಇಂದು ನಿಮಗೆ ನೆನಪಿದೆ? ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದದ್ದು 2023ರ ಮಾರ್ಚಿನಲ್ಲಿ, ಅದೂ ರಿಯಾದ್‌ನಲ್ಲಿ, ಮೇಘಾಲಯವನ್ನು 3-2ರಿಂದ ಸೋಲಿಸಿ. ಕಪ್ಪಿಲ್ಲದ ಆ ಐದು ದಶಕಗಳಲ್ಲಿ ರಾಜ್ಯಕ್ಕಾಗಿ ಆಡಿದವರೆಲ್ಲ ಪ್ರತಿಭೆ ಹಾಳುಮಾಡಿಕೊಂಡವರೇ?

ಹುಡುಗನೊಬ್ಬ ಚೆನ್ನಾಗಿ ಆಡಿದರೆ ಹೊಗಳಬಾರದೆಂದು ನಾನು ಹೇಳುತ್ತಿಲ್ಲ. ಇಂದಿನ ಆಟವನ್ನು ಹೊಗಳಿ, ಮಾಶಾ ಅಲ್ಲಾಹ್ ಅನ್ನಿ. ಅವನ ನಾಳೆಯನ್ನು ಒತ್ತೆ ಇಟ್ಟು ನಮ್ಮ ಇಂದಿನ ಹೆಮ್ಮೆಯನ್ನು ಕೊಳ್ಳುವುದು ಬೇರೆ ವ್ಯವಹಾರ. ಅವನ ಶಾಲೆ ಬಿಡಿಸುವ ಮೊದಲು, ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವ ಮೊದಲು, ಕಾಲು ಉಳುಕಿದರೆ ಆಸ್ಪತ್ರೆಗೆ ದುಡ್ಡು ಯಾರು ಕೊಡುತ್ತಾರೆಂದು ಕೇಳಿ. ಈ ಪ್ರಶ್ನೆಯನ್ನು ಅಂದು ನಾನು ಕೇಳಿರಲಿಲ್ಲ. ತಲೆ ಸವರಿ ಬಸ್ಸು ಹತ್ತಿದ್ದೆ.

ಲ್ಯಾಂಪ್ಟೆ ಆಟ ಬಿಟ್ಟ ಮೇಲೆ ಘಾನಾದ ಅಕ್ರಾದಲ್ಲಿ ಒಂದು ಶಾಲೆ ಕಟ್ಟಿಸಿದ. ಕರಾರನ್ನು ಓದಲು ಬಾರದಿದ್ದವನು ಮಕ್ಕಳಿಗೆ ಅಕ್ಷರ ಕಲಿಸುವ ಶಾಲೆ ಕಟ್ಟಿದ. ಇದನ್ನು ನಾನು ನಮ್ಮ ಚೊಳಚಗುಡ್ಡದ ಹುಡುಗನಿಗೆ ಹೇಳಿದೆ, ಮರುದಿನ ಮತ್ತೆ ಅವನ ಮನೆಗೆ ಹೋಗಿ. ಅದಕ್ಕಿಂತ ಮೊದಲು ಅವನ ಕ್ಷಮೆ ಕೇಳಿದೆ. ಅವನಿಗೆ ಗಾಬರಿಯಾಯಿತು. "ಅಯ್ಯ, ನೀವು ಹಿರೇರು, ಹಂಗ ಅನಬ್ಯಾಡ್ರೀ ಚಾಚಾ" ಎಂದ. "ನೀನು ನನಗೆ ಏನೂ ಕೊಡಬೇಕಾಗಿಲ್ಲಪ್ಪಾ, ಆ ಮಾತು ನನ್ನದು, ಅದನ್ನು ನಾನೇ ಹಿಂದೆ ತಗೊಂಡೆ" ಅಂದೆ. ಅವನು ಸುಮ್ಮನೆ ನೆಲ ನೋಡಿದ. ತಾಯಿ ಒಳಗಿನಿಂದ ಚಹಾ ತಂದಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು.

ಹೊರಡುವಾಗ ಅಂಗಳದಲ್ಲಿ ಅವನ ಅಣ್ಣನ ಮಗ, ಎಂಟೊಂಬತ್ತರವನು, ಗೋಡೆಗೆ ಚೆಂಡು ಒದೆಯುತ್ತಿದ್ದ. ಮರಳಿ ಬಂದ ಚೆಂಡನ್ನು ಎಡಗಾಲಿನಲ್ಲಿ ನಿಲ್ಲಿಸಿದ ರೀತಿ ಕಂಡು ನನ್ನ ಬಾಯಿಗೆ ಅದೇ ಹಳೆಯ ಮಾತು ಬಂತು. ನುಂಗಿಕೊಂಡು, ಎಷ್ಟನೇ ಇಯತ್ತೆ ಎಂದು ಕೇಳಿದೆ.

"ಮೂರನೇದು," ಎಂದು ಹೇಳಿ ಅವನು ಮತ್ತೆ ಒದೆಯತೊಡಗಿದ.