ಕಡಿದಷ್ಟೂ ಹೆಚ್ಚುವ ದನಿ

ತವರ ಕರಗಲು 232 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಸೀಸಕ್ಕೆ ಬೇಕಾದದ್ದು 327. ಎರಡನ್ನೂ ಬೆರೆಸಿದರೆ ಎಷ್ಟು ಬೇಕಾದೀತು? ನಡುವೆ ಎಲ್ಲೋ ಇರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ನೂರರಲ್ಲಿ 63 ಪಾಲು ತವರ, 37 ಪಾಲು ಸೀಸ ಸೇರಿದ ಬೆಸುಗೆ ತಂತಿ 183 ಡಿಗ್ರಿಗೇ ನೀರಾಗಿಬಿಡುತ್ತದೆ. ಒಂಟಿಯಾಗಿದ್ದಾಗ ಅಷ್ಟು ಬಿಗಿಯಾಗಿರುವ ಲೋಹಗಳು ಜೊತೆಯಾದೊಡನೆ ಇಷ್ಟು ಸುಲಭವಾಗಿ ಸಡಿಲುತ್ತವೆ. ಗಿಟಾರಿಗೆ ಫಜ್ ಪೆಡಲ್ ಜೋಡಿಸಲು ಮೇಜಿನ ಮುಂದೆ ಕೂತಾಗಲೆಲ್ಲ ನನ್ನನ್ನು ಮೊದಲು ಬೆರಗುಗೊಳಿಸುವುದು ಈ ತಲೆಕೆಳಗಾದ ಲೆಕ್ಕ.

ಪೆಡಲ್ ಎಂದರೆ ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಕೂರುವ, ಕಾಲಿನಿಂದ ಒತ್ತುವ ಒಂದು ಪುಟ್ಟ ಡಬ್ಬಿ. ನಾನು ಹೇಳುತ್ತಿರುವುದು 1966ರಲ್ಲಿ ಲಂಡನ್ನಿನಲ್ಲಿ ಬಂದ ಫಜ್ ಫೇಸ್ ಮಾದರಿಯದು. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕಾಲಡಿಯಲ್ಲಿ ಇದ್ದದ್ದು ಅದೇ. ಆ ಗುಡುಗುವ, ಉರಿಯುವ, ಅಳುವ ದನಿಯ ಹಿಂದೆ ಏನೇನಿದೆಯೋ ಎಂದು ಬಿಚ್ಚಿ ನೋಡಿದರೆ ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಬೆರಳಿಂದ ತಿರುಗಿಸುವ ಎರಡು ನಿಯಂತ್ರಕಗಳು. ಹನ್ನೊಂದೇ ಬಿಡಿಭಾಗ, ಜೊತೆಗೆ ಒಂಬತ್ತು ವೋಲ್ಟಿನ ಬ್ಯಾಟರಿ.

ಒಂದು ರೆಸಿಸ್ಟರಿನ ಕಾಲನ್ನು ಸರ್ಕ್ಯೂಟ್ ಬೋರ್ಡಿನ ರಂಧ್ರದಲ್ಲಿ ತೂರಿಸಿ, ಹಿಂದುಗಡೆ ಕೊಂಚ ಬಗ್ಗಿಸಿ, ಬೆಸುಗೆ ಐರನ್ನಿನ ತುದಿಯನ್ನು ಕಾಲಿಗೂ ರಂಧ್ರದ ಸುತ್ತಲಿನ ತಾಮ್ರದ ಬಳೆಗೂ ಒಟ್ಟಿಗೇ ತಾಗುವಂತೆ ಹಿಡಿಯಬೇಕು. ಆಮೇಲೆ ಬೆಸುಗೆ ತಂತಿಯನ್ನು ಇನ್ನೊಂದು ಬದಿಯಿಂದ ಮುಟ್ಟಿಸಬೇಕು. ಐರನ್ನಿಗಲ್ಲ, ಬಿಸಿಯಾದ ಲೋಹಕ್ಕೆ. ಅರೆ ಗಳಿಗೆ ಏನೂ ಆಗುವುದಿಲ್ಲ. ತಂತಿಯ ಹೊಟ್ಟೆಯೊಳಗಿರುವ ರಾಳ ಮೊದಲು ಕರಗಿ, ಪೈನ್ ಮರದ ವಾಸನೆಯ ಹೊಗೆ ಏಳುತ್ತದೆ. ಗಾಳಿ ತಾಗಿ ತಾಮ್ರದ ಮೇಲೆ ಕೂತ ಆಕ್ಸೈಡಿನ ಪೊರೆಯನ್ನು ಆ ರಾಳ ತೊಳೆದು ತೆಗೆಯುತ್ತದೆ. ಲೋಹ ಶುದ್ಧವಾದದ್ದೇ ತಡ, ಅಲ್ಲಿಯವರೆಗೆ ಗುಂಡಾಗಿ ನಿಂತಿದ್ದ ಹನಿ ತಟಕ್ಕನೆ ಹರಡಿ, ಬಳೆಯನ್ನೆಲ್ಲ ತುಂಬಿ, ಕಾಲಿನ ಸುತ್ತ ಮೇಲಕ್ಕೇರುತ್ತದೆ. ದ್ರವ ಮೇಲಕ್ಕೆ ಹತ್ತುವುದನ್ನು ಕಣ್ಣಾರೆ ಕಾಣಬಹುದು. ಐರನ್ ತೆಗೆದರೆ ಕನ್ನಡಿಯಂಥ ಹೊಳಪು ಒಮ್ಮೆ ನಡುಗಿ ನಿಂತುಬಿಡುತ್ತದೆ. 63–37ರ ಪಾಕಕ್ಕೆ ನಡುವಿನ ಮೆದು ಸ್ಥಿತಿಯೇ ಇಲ್ಲ. ದ್ರವವಾಗಿದ್ದದ್ದು ನೇರವಾಗಿ ಗಟ್ಟಿ.

ಇದು ಅಂಟಲ್ಲ. ತವರ ತಾಮ್ರದೊಳಕ್ಕೆ ಇಳಿದು, ಎರಡೂ ಸೇರಿ ಗಡಿಯಲ್ಲಿ ಒಂದು ಹೊಸ ಸಂಯುಕ್ತವೇ ಹುಟ್ಟಿರುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾದ ಆ ಪದರ ಇಲ್ಲದಿದ್ದರೆ ಬೆಸುಗೆ ಮೇಲೆ ಕೂತಿರುತ್ತದೆಯೇ ಹೊರತು ಹಿಡಿದಿರುವುದಿಲ್ಲ. ನಮ್ಮ ಬೀದಿಗಳಲ್ಲಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು ಬಿಸಿ ಪಾತ್ರೆಗೆ ನವಸಾಗರದ ಪುಡಿ ಎರಚಿ, ಹೊಗೆಯ ನಡುವೆ ಹತ್ತಿಯಿಂದ ತವರ ಸವರುತ್ತಿದ್ದುದೂ ಇದೇ ವಿದ್ಯೆ. ಅಲ್ಲಿ ನವಸಾಗರ, ಇಲ್ಲಿ ರಾಳ.

ಟ್ರಾನ್ಸಿಸ್ಟರಿನ ಸರದಿ ಬಂದಾಗ ಕೈ ಇನ್ನಷ್ಟು ಹಗುರಾಗಬೇಕು. ಮೊದಲ ಫಜ್ ಫೇಸುಗಳಲ್ಲಿದ್ದದ್ದು ಜರ್ಮೇನಿಯಂ, ಶಾಖ ತಾಳದ ವಸ್ತು. ಕಾಲನ್ನು ಇಕ್ಕುಳದಲ್ಲಿ ಹಿಡಿದುಕೊಂಡರೆ ಬಿಸಿ ಮೇಲೇರದೆ ಇಕ್ಕುಳಕ್ಕೆ ಇಳಿಯುತ್ತದೆ. ಈ ಧಾತು ಸಿಗುವ ಮೊದಲೇ, 1871ರಲ್ಲಿ, ರಸಾಯನಶಾಸ್ತ್ರಜ್ಞ ಮೆಂಡಲೀವ್ ಧಾತುಗಳ ತನ್ನ ಕೋಷ್ಟಕದಲ್ಲಿ ಅದಕ್ಕೊಂದು ಖಾಲಿ ಮನೆ ಬಿಟ್ಟು ಗುಣಗಳನ್ನೂ ಹೇಳಿಟ್ಟಿದ್ದ. 1886ರಲ್ಲಿ ವಿಂಕ್ಲರ್ ಅದನ್ನು ಕಂಡುಹಿಡಿದ. ನಮ್ಮ ಬೆಂಗಳೂರಿನ ಬಿಇಎಲ್ 1962ರಲ್ಲೇ ಜರ್ಮೇನಿಯಂ ಅರೆವಾಹಕಗಳನ್ನು ತಯಾರಿಸತೊಡಗಿತ್ತು ಎಂಬುದು ನನಗೆ ಹೆಮ್ಮೆಯ ಸಂಗತಿ.

ಇನ್ನು ಆ ದನಿ. ಗಿಟಾರಿನ ಐದನೆಯ ತಂತಿ ಸೆಕೆಂಡಿಗೆ 110 ಸಲ ಕಂಪಿಸುತ್ತದೆ. ಕೆಳಗಿರುವ ಅಯಸ್ಕಾಂತ ಮತ್ತು ತಾಮ್ರದ ಸುರುಳಿ ಆ ಕಂಪನವನ್ನು ಸಣ್ಣ ವಿದ್ಯುತ್ ಅಲೆಯಾಗಿಸುತ್ತವೆ. ಟ್ರಾನ್ಸಿಸ್ಟರುಗಳು ಅದನ್ನು ಹಲವು ಪಟ್ಟು ಹಿಗ್ಗಿಸಲು ನೋಡುತ್ತವೆ. ಆದರೆ ಅಲೆ ಎಷ್ಟು ಎತ್ತರಕ್ಕೆ ಏಳಬೇಕೆಂದರೂ ಮೇಲೆ ಬ್ಯಾಟರಿಯ ಸೂರು ಇದೆ. ಆ ಸೂರಿಗೆ ತಗುಲಿ ಅಲೆಯ ತಲೆ ಚಪ್ಪಟೆಯಾಗುತ್ತದೆ.

ಇಲ್ಲಿ ಲೆಕ್ಕ ಮತ್ತೊಮ್ಮೆ ತಲೆಕೆಳಗು. ಅಲೆಯಿಂದ ಒಂದಿಷ್ಟನ್ನು ಕಡಿದು ತೆಗೆದಿದ್ದೇವೆ, ದನಿ ಬಡವಾಗಬೇಕಿತ್ತು. ಆಗುವುದಿಲ್ಲ. ಬರೀ 110ರ ನಯವಾದ ಅಲೆಯನ್ನು ಹೀಗೆ ಕಡಿದರೆ 220, 330, 440, 550 ಎಂದು ಮೇಲುಸ್ವರಗಳ ಸಾಲೇ ಎದ್ದು ಬರುತ್ತದೆ. ಚೂಪು ಮೂಲೆಯುಳ್ಳ ಆಕಾರ ರೂಪುಗೊಳ್ಳಬೇಕಾದರೆ ಅನೇಕ ನಯವಾದ ಅಲೆಗಳು ಒಟ್ಟಾಗಬೇಕು. ಇದನ್ನು ಕಾಣಿಸಿಕೊಟ್ಟ ಗಣಿತ ಫೂರಿಯೆಯದು. 1822ರ ಅವನ ಪುಸ್ತಕ ಸಂಗೀತದ ಬಗ್ಗೆ ಅಲ್ಲ, ಶಾಖ ಹರಿಯುವ ಬಗೆಯ ಬಗ್ಗೆ. ಐರನ್ನಿನಿಂದ ತಾಮ್ರಕ್ಕೆ ಇಳಿಯುವ ಬಿಸಿಗೂ, ತಂತಿ ಮೀಟಿದಾಗ ಎದ್ದು ಬರುವ ಸ್ವರಗಳ ಹಿಂಡಿಗೂ ಒಂದೇ ಗಣಿತ ಸಾಲುತ್ತದೆ ಎಂಬುದು ಎಷ್ಟು ಸಲ ಯೋಚಿಸಿದರೂ ನನ್ನನ್ನು ಸುಮ್ಮನಾಗಿಸುತ್ತದೆ.

ಈ ದನಿ ಹೆಸರು ಮಾಡಿದ್ದು ಕೆಟ್ಟುಹೋದ ಯಂತ್ರದಿಂದ. ಗಾಯಕ ಮಾರ್ಟಿ ರಾಬಿನ್ಸ್ ಹಾಡಿನ ಧ್ವನಿಮುದ್ರಣದಲ್ಲಿ, ಅಮೆರಿಕದ ನ್ಯಾಶ್‌ವಿಲ್ಲಿನಲ್ಲಿ, ಮಿಕ್ಸರಿನ ಒಂದು ಭಾಗ ಕೈಕೊಟ್ಟು ವಾದಕ ಗ್ರೇಡಿ ಮಾರ್ಟಿನ್‌ನ ಬಾಸ್ ಗಿಟಾರ್ ಗೊರಗುಟ್ಟಿತು. ಅಳಿಸದೆ ಉಳಿಸಿಕೊಂಡರು. 1961ರಲ್ಲಿ ಆ ಹಾಡು ಗೆದ್ದಿತು, ಮರುವರ್ಷವೇ ಅದೇ ಗೊರಗನ್ನು ಬೇಕೆಂದಾಗ ಕೊಡುವ ಮೇಸ್ಟ್ರೋ ಪೆಡಲ್ ಮಾರುಕಟ್ಟೆಗೆ ಬಂತು.

ತಂಬೂರಿ ಕೇಳಿ ಬೆಳೆದವರಿಗೆ ಇದು ತೀರ ಪರಕೀಯವಲ್ಲ. ಅಲ್ಲೂ ತಂತಿಗಳನ್ನು ಹೊತ್ತ ಕುದುರೆಯ ಉಬ್ಬು ಬೆನ್ನು ಕಂಪಿಸುವ ತಂತಿಗೆ ತಡೆಯೊಡ್ಡುತ್ತದೆ. ಜೀವಾಳಿಯ ನೂಲೆಳೆ ಸರಿಯಾದ ಜಾಗಕ್ಕೆ ಬಂದೊಡನೆ ಮೇಲುಸ್ವರಗಳು ಝೇಂಕರಿಸುತ್ತವೆ. ಮೀಟಿದ ಜಾಗದ ನಿಯಮದ ಪ್ರಕಾರ ಕೇಳಿಸಲೇಬಾರದ ಸ್ವರಗಳೂ ತಂಬೂರಿಯಲ್ಲಿ ಕೇಳಿಸುತ್ತವೆ ಎಂದು ಸಿ.ವಿ. ರಾಮನ್ 1921ರಲ್ಲಿ ಬರೆದರು. ನನ್ನ ಮಟ್ಟಿಗೆ ಫಜ್ ಪೆಡಲ್ ಗದ್ದಲದ ಆಟಿಕೆಯಲ್ಲ, ಆ ಕುದುರೆಯ ದೂರದ ನೆಂಟ.

ಮನೆಯಲ್ಲಿ ಗಿಟಾರ್ ಹಿಡಿಯುವ ಮಗನೋ ಮಗಳೋ ಇದ್ದರೆ ಸಿದ್ಧ ಪೆಡಲ್ ಕೊಡಿಸುವ ಮೊದಲು ಒಮ್ಮೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಕರೆದುಕೊಂಡು ಹೋಗಿ. ರೆಸಿಸ್ಟರ್, ಕೆಪಾಸಿಟರ್, ಬೆಸುಗೆ ತಂತಿಗಳನ್ನು ಅವರೇ ಆರಿಸಲಿ. ಜರ್ಮೇನಿಯಂ ಸಿಗದಿದ್ದರೆ ಸಿಲಿಕಾನ್ ಆದೀತು, ಫಜ್ ಫೇಸಿನ ತಯಾರಕರೂ ಮುಂದೆ ಅತ್ತಲೇ ಹೊರಳಿದರು. ಆಗ ಅದಕ್ಕೆ ಹೊಂದುವ ನಕ್ಷೆಯನ್ನೇ ಬಳಸಿ. ಬೆಸುಗೆ ಹಾಕುವಾಗ ಕಿಟಕಿ ತೆರೆದಿರಲಿ. ತಂತಿಯಲ್ಲಿ ಸೀಸ ಇರುವುದರಿಂದ ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಲು ಮರೆಯದಿರಿ.