ನೆನಪು ದ್ವೇಷವಾಗಲೇಬೇಕೆ?

ಅನ್ಯಾಯಕ್ಕೆ ಗುರಿಯಾದವರು ಅದನ್ನು ಮರೆಯಬಾರದು ಎನ್ನುತ್ತೇವೆ. ದ್ವೇಷವನ್ನು ಬೆಳೆಸಬಾರದು ಎಂದೂ ಎನ್ನುತ್ತೇವೆ. ಈ ಎರಡು ಉಪದೇಶಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ಸುಲಭ, ಒಂದೇ ಬಾಳಿನಲ್ಲಿ ಪಾಲಿಸುವುದು ಕಷ್ಟ. ನೆನಪನ್ನು ಕಾಪಾಡಿದರೆ ಅದರೊಡನೆ ಹಗೆಯೂ ಉಳಿಯುತ್ತದೆ. ಹಗೆಯನ್ನು ಬಿಡಹೊರಟರೆ ಸತ್ತವರಿಗೇ ದ್ರೋಹ ಬಗೆದಂತಾಗುತ್ತದೆ. ಚರಿತ್ರೆಯ ಪಾಠ ಹೇಳುವವರಿಗೂ ಕೇಳುವವರಿಗೂ ಈ ತೊಡಕು ಎದುರಾಗದೆ ಇರದು. ಇದನ್ನು ಬರಿಯ ತರ್ಕದಿಂದ ಬಿಡಿಸುವುದಕ್ಕಿಂತ, ಇದರೊಡನೆ ಬಾಳಿದ ಒಬ್ಬ ಲೇಖಕಿಯ ಕಡೆ ನೋಡುವುದು ಮೇಲೆಂದು ನಮಗೆ ತೋರುತ್ತದೆ. ಅವರೇ ಗ್ರೀಸಿನ ಪತ್ರಕರ್ತೆ ಹಾಗೂ ಕಾದಂಬರಿಕಾರ್ತಿ ದೀದೊ ಸೊತಿರಿಯು.

ದೀದೊ 1909ರಲ್ಲಿ ಹುಟ್ಟಿದ್ದು ಗ್ರೀಸಿನಲ್ಲಲ್ಲ. ಅಂದು ಆಟೊಮನ್ ಸಾಮ್ರಾಜ್ಯಕ್ಕೆ ಸೇರಿದ್ದ ಏಷ್ಯಾಮೈನರಿನ ಐದಿನ್ ಪಟ್ಟಣದಲ್ಲಿ. ಆ ಸೀಮೆಯಲ್ಲಿ ಗ್ರೀಕರೂ ತುರ್ಕರೂ ತಲೆಮಾರುಗಳಿಂದ ನೆರೆಹೊರೆಯವರಾಗಿದ್ದರು. ಮೊದಲನೆಯ ಮಹಾಯುದ್ಧದ ತರುವಾಯ, 1919ರ ಮೇ ತಿಂಗಳಲ್ಲಿ, ಗ್ರೀಕ್ ಸೈನ್ಯವು ಸ್ಮಿರ್ನಾ ರೇವಿನಲ್ಲಿ ಇಳಿಯಿತು; ಮೂರು ವರ್ಷ ಹೋರಾಡಿ ಸೋತಿತು. 1922ರ ಸೆಪ್ಟೆಂಬರಿನಲ್ಲಿ ತುರ್ಕಿ ಸೈನ್ಯ ಸ್ಮಿರ್ನಾವನ್ನು ಹೊಕ್ಕ ಕೆಲವೇ ದಿನಗಳಲ್ಲಿ ಎದ್ದ ಬೆಂಕಿಯು ಗ್ರೀಕರ ಮತ್ತು ಆರ್ಮೇನಿಯನರ ಕೇರಿಗಳನ್ನು ಸುಟ್ಟು ಬೂದಿಮಾಡಿತು. ಆ ವರ್ಷ ಹದಿಮೂರರ ಬಾಲಕಿ ದೀದೊ ನಿರಾಶ್ರಿತಳಾಗಿ ಗ್ರೀಸನ್ನು ಸೇರಿದಳು.

ಮರುವರ್ಷ, 1923ರ ಜನವರಿಯಲ್ಲಿ, ಲೋಸಾನ್ ನಗರದಲ್ಲಿ ಎರಡೂ ಸರ್ಕಾರಗಳು ಜನರನ್ನು ವಿನಿಮಯ ಮಾಡಿಕೊಳ್ಳುವ ಒಪ್ಪಂದಕ್ಕೆ ರುಜು ಹಾಕಿದವು. ಆಗಲೇ ಓಡಿಬಂದವರೂ ಸೇರಿ ಸುಮಾರು 12 ಲಕ್ಷ ಕ್ರೈಸ್ತರು ಗ್ರೀಸಿನ ಪಾಲಾದರು. ಮೂರೂವರೆ ಲಕ್ಷಕ್ಕೂ ಮಿಕ್ಕ ಮುಸಲ್ಮಾನರು ತುರ್ಕಿಗೆ ಹೋಗಬೇಕಾಯಿತು. ವಿಂಗಡಣೆಗೆ ಹಿಡಿದ ಅಳತೆಗೋಲು ಮತ, ಭಾಷೆಯಲ್ಲ. ತುರ್ಕಿ ಮಾತೇ ಮನೆಮಾತಾಗಿದ್ದ ಕ್ರೈಸ್ತನು ಗ್ರೀಕನೆನಿಸಿದನು. ಗ್ರೀಕ್ ನುಡಿಯಾಡುತ್ತಿದ್ದ ಕ್ರೀಟ್ ದ್ವೀಪದ ಮುಸಲ್ಮಾನನು ತುರ್ಕನೆನಿಸಿದನು. ಇವರಲ್ಲಿ ಯಾರನ್ನೂ 'ನಿನಗೆ ಹೋಗಲು ಇಷ್ಟವಿದೆಯೆ' ಎಂದು ಕೇಳಲಿಲ್ಲ.

ಇಂಥ ಬಾಲ್ಯವುಳ್ಳವರ ಲೇಖನಿಯಿಂದ ಹಗೆಯ ಗ್ರಂಥವೊಂದು ಹೊರಬಂದಿದ್ದರೆ ಯಾರೂ ಅಚ್ಚರಿಪಡುತ್ತಿರಲಿಲ್ಲ. ದೀದೊ 1930ರ ದಶಕದಲ್ಲಿ ಪತ್ರಿಕಾವೃತ್ತಿಗೆ ಬಂದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಗ್ರೀಸನ್ನು ಆಕ್ರಮಿಸಿದ್ದಾಗ ಗುಪ್ತವಾಗಿ ನಡೆಯುತ್ತಿದ್ದ ಪತ್ರಿಕೆಗಳಿಗೆ ದುಡಿದರು. ಪತ್ರಿಕೆಯ ಬರವಣಿಗೆ ಅಂದಿನದು ಅಂದಿಗೆ ಆಗಬೇಕಾದದ್ದು. ಆದರೆ ತಮ್ಮ ತವರಿನ ವಿಚಾರದಲ್ಲಿ ಅವರು ಅವಸರಪಡಲಿಲ್ಲ. ಅವರ ಮೊದಲ ಕಾದಂಬರಿ ಪ್ರಕಟವಾದದ್ದು 1959ರಲ್ಲಿ, ಅವರಿಗೆ ಐವತ್ತು ತುಂಬಿದಾಗ. ಅವರಿಗೆ ಕೀರ್ತಿ ತಂದ 'ರಕ್ತಸಿಕ್ತ ಮಣ್ಣು' ಎಂಬರ್ಥದ ಹೆಸರಿನ ಕಾದಂಬರಿ ಬಂದದ್ದು 1962ರಲ್ಲಿ. ಸ್ಮಿರ್ನಾ ಉರಿದು ನಾಲ್ವತ್ತು ವರ್ಷಗಳಾದ ಮೇಲೆ.

ಅದರಲ್ಲಿ ಕಥೆ ಹೇಳುವವನು ಮನೋಲಿ ಎಂಬ ಗ್ರೀಕ್ ರೈತ. ಅದೇ ಸೀಮೆಯ ರೈತನೊಬ್ಬನು ತನ್ನ ಅನುಭವಗಳನ್ನು ಬರೆದಿಟ್ಟಿದ್ದ ನೋಟುಪುಸ್ತಕವೇ ಕಾದಂಬರಿಗೆ ಆಧಾರ. ಮನೋಲಿಯ ಬಾಲ್ಯದ ಗೆಳೆಯ ಷೆವ್ಕೆತ್ ತುರ್ಕಿ ಹುಡುಗ. ಯುದ್ಧ ಬಂದಾಗ ಮನೋಲಿಯನ್ನು ತುರ್ಕಿಯ ಕೂಲಿ ತುಕಡಿಗೆ ಎಳೆದೊಯ್ಯುತ್ತಾರೆ; ಅಲ್ಲಿ ಹಸಿವು, ರೋಗ, ಸಾವು. ಮುಂದೆ ಅವನೇ ಗ್ರೀಕ್ ಸೈನ್ಯದಲ್ಲಿ ಬಂದೂಕು ಹಿಡಿಯುತ್ತಾನೆ. ಅಲ್ಲಿಂದ ಕಥೆಯ ಪರೀಕ್ಷೆ ಮೊದಲಾಗುತ್ತದೆ: ತುರ್ಕರ ಕ್ರೌರ್ಯವನ್ನು ಕಂಡ ಕಣ್ಣೇ ಈಗ ತನ್ನವರ ಕ್ರೌರ್ಯವನ್ನೂ ಕಾಣಬೇಕಾಗಿದೆ. ಲೇಖಕಿ ಆ ಕಣ್ಣಿಗೆ ಪಟ್ಟಿ ಕಟ್ಟುವುದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ನಾವು ಎದುರಿಸಲೇಬೇಕು. ಎರಡು ಕಡೆಯವರೂ ತಪ್ಪು ಮಾಡಿದರೆನ್ನುವುದು ಯಾರೂ ತಪ್ಪಿತಸ್ಥರಲ್ಲವೆಂದಂತೆ ಆಗದೆ? ದೂರದ ಬಲಾಢ್ಯ ರಾಷ್ಟ್ರಗಳ ಸ್ವಾರ್ಥವೇ ಎಲ್ಲಕ್ಕೂ ಕಾರಣವೆಂದರೆ, ಕತ್ತಿ ಹಿಡಿದ ಕೈ ಶುದ್ಧವಾಗಿಬಿಡುವುದೆ? ಆಕ್ಷೇಪ ಹಗುರವಾದುದಲ್ಲ. ದೀದೊ ಆ ರಾಷ್ಟ್ರಗಳನ್ನು ದೂಷಿಸುತ್ತಾರೆ, ನಿಜ. ಆದರೆ ಮನೋಲಿ ಅದರ ಮರೆಯಲ್ಲಿ ಅವಿತುಕೊಳ್ಳುವುದಿಲ್ಲ. ತಾನು ಕೊಂದವನ ನೆನಪು ಅವನನ್ನು ಬಿಡುವುದಿಲ್ಲ. ತಕ್ಕಡಿಯ ಎರಡು ತಟ್ಟೆಗಳನ್ನು ಬಲವಂತವಾಗಿ ಸಮಮಾಡುವುದು ನ್ಯಾಯವಲ್ಲ. ಒಂದೇ ತಕ್ಕಡಿಯಲ್ಲಿ ಇಬ್ಬರನ್ನೂ ತೂಗುವುದು ನ್ಯಾಯ. ಹಗೆಯುಳ್ಳವನು ಎರಡು ತಕ್ಕಡಿ ಇಟ್ಟುಕೊಂಡಿರುತ್ತಾನೆ, ಅಷ್ಟೇ ವ್ಯತ್ಯಾಸ.

ಪರರಿಗೆ ನ್ಯಾಯ ಸಲ್ಲಿಸಿದ ಇವರು ಸ್ವದೇಶದ ತಪ್ಪನ್ನೂ ಮುಚ್ಚಲಿಲ್ಲ. ಅವರ ತಂಗಿ ಎಲ್ಲಿ ಪಪ್ಪಾಳ ಬಾಳಸಂಗಾತಿ, ಕಮ್ಯೂನಿಸ್ಟ್ ನಾಯಕ ನಿಕೋಸ್ ಬೆಲೊಯಾನಿಸನನ್ನು ಗ್ರೀಕ್ ಸರ್ಕಾರವೇ 1952ರ ಮಾರ್ಚಿಯಲ್ಲಿ ಗುಂಡಿಕ್ಕಿ ಕೊಂದಿತು. ತಂಗಿ ಸೆರೆಯಲ್ಲಿ ಉಳಿದಳು. ಸೆರೆಮನೆಯಲ್ಲಿ ಹುಟ್ಟಿದ ಮಗು ದೀದೊ ಅವರ ಮಡಿಲಿನಲ್ಲಿ ಬೆಳೆಯಿತು. ಆ ಮೊಕದ್ದಮೆಯ ವಸ್ತುವನ್ನೇ ಅವರು 1976ರಲ್ಲಿ ಕಾದಂಬರಿಯಾಗಿ ಬರೆದರು. ತನ್ನವರ ವಿಷಯದಲ್ಲಿ ಕಟುವಾಗಬಲ್ಲವರು ಮಾತ್ರ ಹಗೆಯ ವಿಷಯದಲ್ಲಿ ನ್ಯಾಯವಂತರಾಗಬಲ್ಲರು.

1956ರಲ್ಲಿ ರಾಜ್ಯಗಳ ಎಲ್ಲೆ ಬದಲಾದಾಗ ಎಲ್ಲೆಯು ನಮ್ಮನ್ನು ದಾಟಿತೇ ಹೊರತು ನಾವು ಮನೆಮಠ ಬಿಟ್ಟು ಓಡಲಿಲ್ಲ. ಆದುದರಿಂದ ನಮ್ಮ ಕೊರಗನ್ನು ಆ ದುಃಖಕ್ಕೆ ಹೋಲಿಸುವುದು ಸಲ್ಲದು. ಆದರೂ ಗಡಿಯಲ್ಲಿ ನಿಂತು ಪಾಠ ಹೇಳುವಾಗ 'ನಾವು', 'ಅವರು' ಎಂಬ ಮಾತುಗಳು ನಾಲಗೆಗೆ ಬೇಗ ಬರುತ್ತವೆ. ಆಗ ನಾವು ಹಿಡಿದಿರುವ ತಕ್ಕಡಿ ಒಂದೋ ಎರಡೋ ಎಂದು ನೋಡಿಕೊಳ್ಳುವುದು ಒಳ್ಳೆಯದು.

'ರಕ್ತಸಿಕ್ತ ಮಣ್ಣು' 1970ರಲ್ಲಿ ತುರ್ಕಿ ಭಾಷೆಗೆ ಅನುವಾದವಾಯಿತು. ಅಲ್ಲಿ ಅದಕ್ಕೆ ಇಟ್ಟ ಹೆಸರಿನ ಅರ್ಥ, 'ಅನಾತೋಲಿಯಕ್ಕೆ ನನ್ನ ವಂದನೆ ತಿಳಿಸು' ಎಂದು. ಮನೆಯನ್ನು ಕಳೆದುಕೊಂಡವಳ ಕಥೆಯನ್ನು, ಆ ಮನೆಯಿದ್ದ ನಾಡಿನವರೇ ತಮ್ಮ ನುಡಿಯಲ್ಲಿ ಓದಿದರು. 2004ರಲ್ಲಿ ತೀರಿಕೊಂಡ ದೀದೊ ಏನನ್ನೂ ಮರೆತಿರಲಿಲ್ಲ. ಮರೆಯದೆ ಇದ್ದುದರಿಂದಲೇ ಅವರ ವಂದನೆಗೆ ಬೆಲೆ ಬಂದಿತೆಂದು ನಾವು ನಂಬುತ್ತೇವೆ.