ಇಂದಿನ ಧಮ್ಮ ಚಿಂತನೆ: ಕೊನೆಯ ಗಿಡಕ್ಕೆ ನೀರು ತಲುಪಿತೇ?



ನಮ್ಮ ಬಳಗದಲ್ಲಿ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯವರು ಇದ್ದೀರಿ. ತರೀಕೆರೆಯವರಿಗೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ತಮ್ಮ ತಾಲ್ಲೂಕಿನಲ್ಲೇ ಇದೆ. ಕಡೂರು, ಅಜ್ಜಂಪುರದ ಬಯಲಿನ ನಮಗೆ ಬೇಸಿಗೆ ಬಂತೆಂದರೆ ಬೋರ್‌ವೆಲ್ ಕಡೆಗೇ ಕಣ್ಣು. ಆದ್ದರಿಂದ ಇವತ್ತಿನ ಮಾತನ್ನು ನಮ್ಮ ಹಿತ್ತಲಿನ ನೀರಿನಿಂದಲೇ ಶುರು ಮಾಡುತ್ತೇನೆ.

ಕಡೂರಿನ ನಮ್ಮ ಮನೆಯ ಹಿತ್ತಲಲ್ಲಿ 20 ಗಿಡಗಳಿವೆ. ಕರಿಬೇವು, ನುಗ್ಗೆ, ಬದನೆ, ಮೆಣಸಿನಕಾಯಿ, ಎರಡು ಬಾಳೆ, ಕೊನೆಯಲ್ಲಿ ಕಾಂಪೌಂಡಿಗೆ ಒರಗಿಕೊಂಡ ಒಂದು ಮಲ್ಲಿಗೆ. ಇಷ್ಟು ವರ್ಷ ಇವಕ್ಕೆಲ್ಲ ನೀರು ಹಾಕುತ್ತಿದ್ದವಳು ಅವ್ವ. ಬೆಳಿಗ್ಗೆ ಬಿಂದಿಗೆ ಹಿಡಿದು ಹೋದರೆ ಒಂದೊಂದು ಗಿಡದ ಹತ್ತಿರವೂ ನಿಂತು, ಎಲೆ ತಿರುಗಿಸಿ ನೋಡಿ, ಬುಡದ ಮಣ್ಣು ಕೆದಕಿ, ಆಮೇಲೆ ನೀರು.

ಈ ಸಲ ಏಪ್ರಿಲ್ 14ರ ಜಯಂತಿ ಸಮಯಕ್ಕೆ ಅವ್ವನನ್ನೂ ಕರೆದುಕೊಂಡು ನಾಲ್ಕು ದಿನ ಪರಊರಿಗೆ ಹೋಗುವುದಿತ್ತು. ಬಿಸಿಲಿನ ಕಾಲ. ಗಿಡಗಳ ಗತಿ ಏನು? ತೆಂಗು, ಅಡಿಕೆ ತೋಟದವರಿಗೆ ಡ್ರಿಪ್ ಹೊಸದೇನಲ್ಲ. ಅದನ್ನೇ ಸಣ್ಣದಾಗಿ ಮಾಡೋಣ ಎಂದು ನಲ್ಲಿಗೆ ಹಾಕುವ ಬ್ಯಾಟರಿ ಟೈಮರ್, 16 ಮಿ.ಮೀ. ಕಪ್ಪು ಪೈಪು, ತಿರುಗಿಸಿ ಹೆಚ್ಚು ಕಡಿಮೆ ಮಾಡಬಹುದಾದ 20 ಡ್ರಿಪ್ಪರ್ ತಂದೆ. ಮಾಳಿಗೆ ಮೇಲಿನ ಟ್ಯಾಂಕಿನಿಂದ ಪೈಪು ಇಳಿಸಿ, ಬೆಳಿಗ್ಗೆ 6ಕ್ಕೆ ಅರ್ಧ ಗಂಟೆ, ಸಂಜೆ 6ಕ್ಕೆ ಅರ್ಧ ಗಂಟೆ ಎಂದು ಸಮಯ ಕೂರಿಸಿದೆ. ಫಿಲ್ಟರ್ ಒಂದು ಬೇಕು ಎಂದು ಅಂಗಡಿಯವರು ಹೇಳಿದ್ದರು. ಇಷ್ಟು ಚಿಕ್ಕ ಕೈತೋಟಕ್ಕೆ ಅದು ದಂಡ ಎಂದು ನಾನೇ ಬಿಟ್ಟೆ.

"ಅವ್ವ, ಇನ್ನು ನೀನು ಬಿಂದಿಗೆ ಹೊರೋದು ಬೇಡ" ಅಂದೆ. ಅವ್ವ ಪೈಪನ್ನೇ ಸ್ವಲ್ಪ ಹೊತ್ತು ನೋಡಿದಳು. "ನೀರೇನೋ ಅದೇ ಬಿಡ್ತದೆ ಮಗಾ, ಗಿಡ ನೋಡೋರ್ಯಾರು?" ಅಂದಳು. ನಾನು ನಕ್ಕುಬಿಟ್ಟೆ.

ನಾಲ್ಕು ದಿನ ಕಳೆದು ಬಂದಾಗ ಟೈಮರ್ ಒಂದು ನಿಮಿಷವೂ ತಪ್ಪಿರಲಿಲ್ಲ. ಟ್ಯಾಂಕಿನ ನೀರೂ ಇಳಿದಿತ್ತು. ಆದರೆ ಮೊದಲ ಐದಾರು ಗಿಡಗಳ ಬುಡದಲ್ಲಿ ಕೆಸರು ನಿಂತಿತ್ತು. ಬದನೆ ಗಿಡದ ಎಲೆ ಹಳದಿಯಾಗಿತ್ತು. ಕೊನೆಯ ಆರು ಗಿಡಗಳ ಮಣ್ಣು ಬಿರುಕು ಬಿಟ್ಟಿತ್ತು. ಮಲ್ಲಿಗೆ ಒಣಗಿ ಕಡ್ಡಿಯಾಗಿತ್ತು.

ಅವ್ವ ಬೈಯಲಿಲ್ಲ. ಅಡುಗೆಮನೆಯಿಂದ ಎರಡು ಸ್ಟೀಲ್ ಲೋಟ ತಂದು ಕೊಟ್ಟಳು. ಒಂದನ್ನು ಮೊದಲ ಡ್ರಿಪ್ಪರ್ ಕೆಳಗೆ, ಇನ್ನೊಂದನ್ನು ಕೊನೆಯದರ ಕೆಳಗೆ ಇಟ್ಟು ಮೂರು ನಿಮಿಷ ನೀರು ಬಿಟ್ಟೆ. ಮೊದಲ ಲೋಟ ತುಂಬಿ ಚೆಲ್ಲಿತು. ಕೊನೆಯ ಲೋಟದ ತಳವೂ ನೆನೆಯಲಿಲ್ಲ.

ಕಾರಣ ಹುಡುಕಿದರೆ ಎಲ್ಲವೂ ನನ್ನ ಕೈಯದೇ. ಮೊದಲ ಡ್ರಿಪ್ಪರ್‌ಗಳನ್ನು ಪೂರ್ತಿ ತೆರೆದಿದ್ದೆ. ನೀರಿನ ಕಂಬ 10 ಮೀಟರ್ ಎತ್ತರವಿದ್ದರೆ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ. ನಮ್ಮ ಟ್ಯಾಂಕಿನ ಎತ್ತರ ಅದರ ಮೂರನೇ ಒಂದು ಭಾಗ. ಅಷ್ಟು ಕಡಿಮೆ ಒತ್ತಡದಲ್ಲಿ ಮುಂದಿನವು ಬಾಯಿ ತೆರೆದು ಕುಡಿದರೆ ಹಿಂದಿನವಕ್ಕೆ ಏನು ಉಳಿಯುತ್ತದೆ? ಜೊತೆಗೆ ಫಿಲ್ಟರ್ ಇಲ್ಲ. ಬೋರ್ ನೀರಿನ ಉಪ್ಪು, ಟ್ಯಾಂಕಿನ ಕಸ ಎಲ್ಲ ಹರಿದು ಹೋಗಿ ಪೈಪಿನ ತುದಿಯಲ್ಲೇ ಕೂತಿತ್ತು. ಕೊನೆಯ ಡ್ರಿಪ್ಪರ್‌ಗಳ ಬಾಯಿ ಕಟ್ಟಿತ್ತು.

ಬಂಧುಗಳೇ, ಧಮ್ಮಪದದಲ್ಲಿ ನೀರು ಹಾಯಿಸುವವರ ಹೋಲಿಕೆ ಎರಡು ಕಡೆ ಬರುತ್ತದೆ. ಪಂಡಿತ ವಗ್ಗದ 80ನೇ ಗಾಥೆಯಲ್ಲಿ ಒಮ್ಮೆ, ದಂಡ ವಗ್ಗದ 145ನೇ ಗಾಥೆಯಲ್ಲಿ ಇನ್ನೊಮ್ಮೆ. ನೀರು ಹಾಯಿಸುವವರು ನೀರನ್ನು ತಿದ್ದಿ ನಡೆಸುವಂತೆ ತಿಳಿದವರು, ಒಳ್ಳೆಯ ನಡತೆಯವರು ತಮ್ಮನ್ನು ತಾವು ತಿದ್ದಿಕೊಳ್ಳುತ್ತಾರೆ ಎಂಬುದು ಅದರ ತಾತ್ಪರ್ಯ. ಅಲ್ಲಿ ಬರುವ ಪಾಲಿ ಪದ 'ನೆತ್ತಿಕ'. ಎಂದರೆ ನಡೆಸಿಕೊಂಡು ಹೋಗುವವನು.

ನಮ್ಮ ಕನ್ನಡದಲ್ಲಿ ಅವನಿಗೆ ಹೆಸರಿದೆ: ನೀರುಗಂಟಿ. ಬಯಲುಸೀಮೆಯ ಎಷ್ಟೋ ಕೆರೆಗಳಲ್ಲಿ ಈ ಕೆಲಸ ಮಾಡಿದವರು ನಮ್ಮ ಹಿರಿಯರೇ. ನೀರುಗಂಟಿ ತೂಬು ಎತ್ತಿ ಮನೆಗೆ ಹೋಗಿ ಮಲಗುವವನಲ್ಲ. ಗುದ್ದಲಿ ಹಿಡಿದು ಕಾಲುವೆ ಉದ್ದಕ್ಕೂ ನಡೆದು, ಮುಂದಿನ ಗದ್ದೆಯ ಮಡೆ ಮುಚ್ಚಿ, ಕಟ್ಟಿದ ಕಸ ತೆಗೆದು, ಕೊನೆಯ ಗದ್ದೆಯ ತನಕ ನೀರು ಮುಟ್ಟಿಸುವವನು. ಊರಿನ ಗದ್ದೆಗೆಲ್ಲ ನೀರು ಹಂಚಿದ ಕೈ ಊರ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ ಎಂಬುದೂ ನಮಗೆ ಗೊತ್ತು. ಅದಕ್ಕೇ ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಇಳಿದು ನೀರು ಕುಡಿದರು. ಕೆರೆ ಎಲ್ಲರದು ಎಂದು ಕಾಗದದಲ್ಲಿ ಅದಕ್ಕೂ ಮೊದಲೇ ಇತ್ತು. ಆದರೆ ನೀರು ನಮ್ಮ ಬೊಗಸೆಗೆ ತಲುಪಿರಲಿಲ್ಲ.

ಇಂದಿಗೂ ಭದ್ರಾ ಕಾಲುವೆಗೆ ನೀರು ಬಿಟ್ಟಾಗ ದಾವಣಗೆರೆ ಕಡೆಯ ಕೊನೆ ಭಾಗದ ರೈತರು ನಮಗೆ ಬರಲಿಲ್ಲ ಎಂದು ರಸ್ತೆಗೆ ಇಳಿಯುತ್ತಾರೆ. ನೀರು ಬಿಟ್ಟಿದ್ದೂ ನಿಜ, ಬರಲಿಲ್ಲ ಎಂಬುದೂ ನಿಜ.

ಇಷ್ಟು ಯೋಚಿಸುವಾಗ ನನಗೆ ನಮ್ಮ ಭಾನುವಾರದ ಅಧ್ಯಯನ ನೆನಪಾಯಿತು. ಸರಿಯಾದ ಸಮಯಕ್ಕೆ ತ್ರಿಸರಣ, ಪಂಚಶೀಲ, ಆಮೇಲೆ 'ಬುದ್ಧ ಮತ್ತು ಅವರ ಧಮ್ಮ' ಓದು. ಒಂದು ವಾರವೂ ತಪ್ಪಿಸಿಲ್ಲ. ಎಲ್ಲರೂ ಸರದಿ ಪ್ರಕಾರ ಒಂದೊಂದು ಪ್ಯಾರಾ ಓದಬೇಕು ಎಂಬ ನಿಯಮ ತಂದಿದ್ದು ನಾನೇ. ಸಮಾನತೆ ಎಂದುಕೊಂಡಿದ್ದೆ. ಆದರೆ ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂರುತ್ತಿದ್ದ ನಮ್ಮ ಕಾಲೋನಿಯ ಕೊನೆ ಮನೆ ಅಜ್ಜಿ ಮೂರು ತಿಂಗಳಿಂದ ಬಂದಿರಲಿಲ್ಲ. ನಾನು ಗಮನಿಸಿರಲೂ ಇಲ್ಲ.

ಆ ಸಂಜೆಯೇ ಹೋದೆ. "ಹುಷಾರಾಗಿದ್ದೀರಾ ಅಜ್ಜಿ?" ಅಂದೆ. "ಹುಷಾರಾಗಿದೀನಪ್ಪ" ಅಂದರು. ಬಹಳ ಹೊತ್ತಿನ ಮೇಲೆ ಮೆಲ್ಲಗೆ ಹೇಳಿದರು: "ಸರದಿ ನನ್ನ ಹತ್ರ ಬರೋ ಹೊತ್ತಿಗೆ ಎದೆ ಹೊಡ್ಕಳ್ತಿತ್ತು. ಅಕ್ಷರ ಬರದೋಳು, ಅಲ್ಲಿ ಕೂತು ಏನ್ಮಾಡ್ಲಿ?"

ಎಂ.ಎ. ಓದಿದ, ಇಷ್ಟು ವರ್ಷ ಪಾಠ ಮಾಡಿದ ನನಗೆ ಆ ಮಾತಿಗೆ ಉತ್ತರ ಇರಲಿಲ್ಲ. ಕ್ಷಮೆ ಕೇಳಿ ಬಂದೆ. ಧಮ್ಮದ ನೀರು ಬಿಟ್ಟಿದ್ದೇನೆ ಎಂದುಕೊಂಡಿದ್ದೆ. ಕೊನೆಯ ಗಿಡದ ಹತ್ತಿರ ನಾನೇ ಕಸವಾಗಿ ಕೂತಿದ್ದೆ.

ಭಗವಾನ್ ಬುದ್ಧರು ಪರಿನಿಬ್ಬಾಣಕ್ಕೆ ಮುನ್ನ ಆಡಿದ ಕೊನೆಯ ಮಾತಿನಲ್ಲಿ 'ಅಪ್ಪಮಾದ' ಎಂಬ ಪದವಿದೆ. ಮೈಮರೆಯದೆ ಇರುವುದು ಎಂದರ್ಥ. ಯಂತ್ರ ಕೆಲಸದ ಭಾರ ಇಳಿಸುತ್ತದೆ. ಅವ್ವನ ಸೊಂಟಕ್ಕೆ ಅದು ಬೇಕೇ ಬೇಕು, ಟೈಮರನ್ನು ನಾನು ಕಿತ್ತು ಹಾಕಿಲ್ಲ. ಆದರೆ ನೋಡುವ ಕೆಲಸ ನಮ್ಮದಾಗಿಯೇ ಉಳಿಯುತ್ತದೆ. ನಿಯಮಕ್ಕೂ, ಸಂಘಕ್ಕೂ ಇದೇ ಮಾತು.

ಹಿತ್ತಲಿಗೆ ಡ್ರಿಪ್ ಮಾಡುವವರಿದ್ದರೆ ನನ್ನ ತಪ್ಪಿನಿಂದ ಕಲಿತ ಇಷ್ಟನ್ನು ನೆನಪಿಡಿ. ಫಿಲ್ಟರ್ ಬಿಡಬೇಡಿ. ಮಾಳಿಗೆ ಟ್ಯಾಂಕಿನ ನೀರಾದರೆ ಕಡಿಮೆ ಒತ್ತಡದಲ್ಲೂ ತೆರೆಯುವ ಬಾಲ್ ವಾಲ್ವ್ ಟೈಮರ್ ಕೇಳಿ. ಮುಂದಿನ ಡ್ರಿಪ್ಪರ್ ಬಿಗಿ ಮಾಡಿ, ಹಿಂದಿನದನ್ನು ಸಡಿಲ ಬಿಡಿ. 15 ದಿನಕ್ಕೊಮ್ಮೆ ಪೈಪಿನ ತುದಿಯ ಮುಚ್ಚಳ ತೆಗೆದು ಕಸ ಹೊರಗೆ ಬಿಡಿ. ಉಪ್ಪು ಕಟ್ಟಿದ ಡ್ರಿಪ್ಪರನ್ನು ರಾತ್ರಿ ನಿಂಬೆರಸದಲ್ಲೋ ವಿನೆಗರ್‌ನಲ್ಲೋ ನೆನೆಸಿ. ಊರಿಗೆ ಹೋಗುವ ಮುಂಚೆ ಲೋಟ ಇಟ್ಟು ಅಳೆಯಿರಿ, ಅದೂ ಕೊನೆಯ ಗಿಡದಿಂದ ಶುರು ಮಾಡಿ.

ನಮ್ಮ ಓದಿನ ಸರದಿಯನ್ನು ತೆಗೆದಿದ್ದೇವೆ. ಈಗ ಒಬ್ಬರು ಓದುತ್ತಾರೆ, ಉಳಿದವರು ಕೇಳಿ ತಮಗೆ ತಿಳಿದಂತೆ ಮಾತಾಡುತ್ತಾರೆ. ಕಳೆದ ಭಾನುವಾರ ಅಜ್ಜಿ ಬಂದಿದ್ದರು. ಏನೂ ಮಾತಾಡಲಿಲ್ಲ. ಕೊನೆಯವರೆಗೂ ಕೂತಿದ್ದರು.

ಮಲ್ಲಿಗೆಯ ಬುಡದಲ್ಲಿ ಒಂದು ಚಿಗುರು ಕಾಣುತ್ತಿದೆ ಎಂದು ಅವ್ವ ಹೇಳುತ್ತಾಳೆ. ನನಗೆ ಇನ್ನೂ ಕಂಡಿಲ್ಲ. ನಾಳೆ ಬೆಳಿಗ್ಗೆ ಅವಳ ಜೊತೆ ಹೋಗಿ ನೋಡಬೇಕು.

ಇಂದಿನ ಅಭ್ಯಾಸ: ನಿಮ್ಮ ಮನೆಯಲ್ಲಿ, ತರಗತಿಯಲ್ಲಿ, ಕಾಲೋನಿಯಲ್ಲಿ ಕೊನೆಯಲ್ಲಿ ಇರುವವರು ಯಾರು? ಇವತ್ತು ಒಬ್ಬರ ಹತ್ತಿರ ಹೋಗಿ ಕೂತು ಬನ್ನಿ.

ನಮೋ ಬುದ್ಧಾಯ. ಜೈ ಭೀಮ್.